ಕಡಿಮೆ ಬಾಡಿಗೆಯ ಮೊಹಲ್ಲಾ: ಉಳಿದ ಬೆಲೆಯನ್ನು ತೆರುವವರು ಯಾರು?

ಏಪ್ರಿಲ್, ಮೇ ತಿಂಗಳು ಬಂತೆಂದರೆ ಚಿಕ್ಕಮಗಳೂರಿನ ಗಲ್ಲಿಗಳಲ್ಲಿ ಮನೆ ಬದಲಿಸುವ ಕುಟುಂಬಗಳು ಕಾಣಸಿಗುತ್ತವೆ. ಶಾಲೆ ಆರಂಭವಾಗುವ ಮುನ್ನ, ಮುಂಗಾರು ಹಿಡಿಯುವ ಮುನ್ನ ಹೊಸ ಸೂರು ಸೇರಬೇಕೆಂಬ ಆತುರ ಎಲ್ಲರದು. ಲಗೇಜ್ ಆಟೋದಲ್ಲಿ ಮಂಚ, ಬೀರು, ಗ್ಯಾಸ್ ಸಿಲಿಂಡರ್, ನೀರಿನ ಡ್ರಮ್ಮು. ಚಾಲಕನ ಪಕ್ಕದಲ್ಲಿ, ಬಟ್ಟೆಯಲ್ಲಿ ಸುತ್ತಿದ ಕುರ್‌ಆನನ್ನು ಎದೆಗವಚಿಕೊಂಡು ಕುಳಿತ ತಾಯಿ. ಹೊಸ ಮನೆಯ ವಿಷಯ ತಿಳಿದ ಬಂಧುಗಳು ಕೇಳುವ ಮೊದಲ ಪ್ರಶ್ನೆ ಒಂದೇ: ಬಾಡಿಗೆ ಎಷ್ಟು? ಕಡಿಮೆ ಎಂದಾದರೆ ಎಲ್ಲರಿಗೂ ಸಮಾಧಾನ. ಏಕೆ ಕಡಿಮೆ ಎಂಬ ಎರಡನೆಯ ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ. ಈ ವಾರ ಆ ಪ್ರಶ್ನೆಯನ್ನು ಓದುಗರ ಮುಂದಿಡಲು ಬಯಸುತ್ತೇವೆ.

ಉಪ್ಪಳ್ಳಿ, ಷರೀಫ್ ಗಲ್ಲಿ, ಟಿಪ್ಪು ನಗರ, ತಮಿಳು ಕಾಲೋನಿ ಮುಂತಾದ ಹೆಸರುಗಳು ಚಿಕ್ಕಮಗಳೂರಿನವರಿಗೆ ಚಿರಪರಿಚಿತ. ಮೂಡಿಗೆರೆ, ಬಣಕಲ್, ಕೊಟ್ಟಿಗೆಹಾರ, ಕಳಸಗಳಲ್ಲಿಯೂ ದುಡಿಯುವವರು ಒತ್ತೊತ್ತಾಗಿ ನೆಲೆಸಿದ ಕೇರಿಗಳಿವೆ. ಇವು ಒಂದೇ ದಿನದಲ್ಲಿ ಹುಟ್ಟಿದವಲ್ಲ. ಇವುಗಳ ಚರಿತ್ರೆಯು ಗುಡ್ಡದ ಮೇಲಿನ ಕಾಫಿಯ ಚರಿತ್ರೆಯೇ ಆಗಿದೆ. ಬಾಬಾ ಬುಡನ್‌ರವರು ಹದಿನೇಳನೆಯ ಶತಮಾನದಲ್ಲಿ ಯೆಮನ್‌ನಿಂದ ಏಳು ಕಾಫಿ ಬೀಜಗಳನ್ನು ತಂದು ಇಲ್ಲಿ ಬಿತ್ತಿದರೆಂಬ ಐತಿಹ್ಯವನ್ನು ಶಾಲೆಯ ಮಕ್ಕಳೂ ಬಲ್ಲರು. ಆ ಬೀಜಗಳಿಂದ ಬೆಳೆದ ತೋಟಗಳಲ್ಲಿ ದುಡಿದ ಕೈಗಳು ಎಲ್ಲಿ ಮಲಗಿದವು ಎಂಬುದನ್ನು ಬಲ್ಲವರು ಕಡಿಮೆ.

ಅವರು ಮಲಗಿದ್ದು ಲೈನ್ ಮನೆಗಳಲ್ಲಿ. ಒಂದೇ ಮಾಡಿನ ಕೆಳಗೆ ಸಾಲಾಗಿ ಕಟ್ಟಿದ ಕೋಣೆಗಳು, ಒಂದೊಂದು ಕೋಣೆಗೆ ಒಂದೊಂದು ಸಂಸಾರ. 1951ರ ತೋಟ ಕಾರ್ಮಿಕರ ಕಾಯ್ದೆಯು ದೊಡ್ಡ ತೋಟಗಳಲ್ಲಿ ವಾಸಿಸುವ ಕಾರ್ಮಿಕರಿಗೆ ಮಾಲೀಕನೇ ಮನೆ ಒದಗಿಸಬೇಕೆಂದು ವಿಧಿಸಿತು. ಅದು ಒಳ್ಳೆಯ ವಿಧಿಯೇ ಆಗಿತ್ತು. ಆದರೆ ಆ ಮನೆ ಕೆಲಸದೊಂದಿಗೆ ಬರುತ್ತಿತ್ತು, ಕೆಲಸದೊಂದಿಗೇ ಹೋಗುತ್ತಿತ್ತು. ಮೂರು ತಲೆಮಾರು ಕಾಫಿ ಗಿಡದ ಬುಡದಲ್ಲಿ ಬೆನ್ನು ಬಗ್ಗಿಸಿದ ಕುಟುಂಬವು ಮುದುಕನ ಕೈ ಸೋತ ದಿನ ಬಾಗಿಲ ಕೀಲಿಯನ್ನು ಹಿಂದಿರುಗಿಸಬೇಕಾಗಿತ್ತು. ಅಷ್ಟು ವರ್ಷಗಳ ದುಡಿಮೆಗೆ ಒಂದು ಅಂಕಣ ನೆಲವೂ ಸ್ವಂತವಾಗಿ ಉಳಿಯಲಿಲ್ಲ.

ಈ ಶತಮಾನದ ಆರಂಭದಲ್ಲಿ ಜಗತ್ತಿನಾದ್ಯಂತ ಕಾಫಿಯ ಬೆಲೆ ಕುಸಿಯಿತು. ತೋಟಗಳಲ್ಲಿ ಕೆಲಸ ಕಡಿಮೆಯಾಗಿ ಅನೇಕರು ಗುಡ್ಡ ಇಳಿದು ಪೇಟೆ ಸೇರಿದರು. ಸುಪ್ರೀಮ್ ಕೋರ್ಟಿನ ತೀರ್ಪಿನಂತೆ 2005ರ ಅಂತ್ಯಕ್ಕೆ ಕುದುರೆಮುಖದ ಗಣಿಗಾರಿಕೆ ನಿಂತಿತು. ಅರಣ್ಯಕ್ಕೂ ಭದ್ರೆಗೂ ಅದು ಅಗತ್ಯವಾಗಿದ್ದ ತೀರ್ಪು. ಆದರೆ ಗಣಿಯನ್ನು ನಂಬಿ ಗುತ್ತಿಗೆ ಕೆಲಸ, ಹೋಟೆಲು, ಗೂಡಂಗಡಿ ನಡೆಸುತ್ತಿದ್ದವರು ಬದುಕನ್ನು ಬೇರೆಡೆ ಹುಡುಕಬೇಕಾಯಿತು. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಗಳ ಕಡೆ ಗುಡ್ಡವೇ ಜರಿದು ಮನೆ, ಗದ್ದೆ, ತೋಟಗಳನ್ನು ನುಂಗಿತು. ಹೀಗೆ ಪ್ರತಿಯೊಂದು ಆಘಾತವೂ ಒಂದಷ್ಟು ಜನರನ್ನು ಬಾಡಿಗೆ ಕಡಿಮೆ ಇರುವ ಕೇರಿಗಳತ್ತ ತಳ್ಳಿತು. ಚಾರ್ಮಾಡಿ ಘಾಟಿ ಹತ್ತಿ ಬಂದ ಬ್ಯಾರಿಗಳು, ಮಲಬಾರಿನಿಂದ ಬಂದವರು, ಪೇಟೆಯಲ್ಲಿ ಹಿಂದಿನಿಂದಲೂ ಇದ್ದ ಉರ್ದು ಭಾಷಿಕರು, ತೋಟಗಳಿಗಾಗಿ ಬಂದ ತಮಿಳರು, ದಲಿತರು ಎಲ್ಲರೂ ಇಲ್ಲಿ ಅಕ್ಕಪಕ್ಕದವರಾದರು. ಬಡತನವು ಜಾತಿ, ಭಾಷೆ ಕೇಳದೆ ಅವರನ್ನು ಒಂದೆಡೆ ಕೂಡಿಸಿತು.

ಈ ಕೇರಿಗಳ ಕುರಿತು ಹೊರಗಿನವರು ಆಡುವ ಮಾತುಗಳಲ್ಲಿ ತಾತ್ಸಾರವೇ ಹೆಚ್ಚು. ಆದ್ದರಿಂದ ಮೊದಲು ಇವುಗಳ ಒಳಿತನ್ನು ಹೇಳುವುದು ನ್ಯಾಯ. ಇಲ್ಲಿ ತಾಯಿಯೊಬ್ಬಳು ಕೆಲಸಕ್ಕೆ ಹೋಗುವಾಗ ಮಗುವನ್ನು ಪಕ್ಕದ ಮನೆಯ ಖಾಲಾ ನೋಡಿಕೊಳ್ಳುತ್ತಾರೆ. ನಡುರಾತ್ರಿ ಹೆರಿಗೆ ನೋವು ಬಂದರೆ ಎದುರು ಮನೆಯ ಆಟೋ ಹೊರಡುತ್ತದೆ, ಚಾಲಕನು ಮೀಟರಿನ ಮಾತೆತ್ತುವುದಿಲ್ಲ. ಮಯ್ಯಿತ್ತಾದ ಮನೆಯಲ್ಲಿ ಮೂರು ದಿನ ಒಲೆ ಹಚ್ಚಲು ನೆರೆಯವರು ಬಿಡುವುದಿಲ್ಲ. ರಮಝಾನಿನ ಸಂಜೆ ಎದುರು ಮನೆಯ ಅಕ್ಕನಿಗೆ ಗಂಜಿಯ ಪಾತ್ರೆ ಹೋಗುತ್ತದೆ, ಸಂಕ್ರಾಂತಿಯಂದು ಅದೇ ಪಾತ್ರೆ ಎಳ್ಳುಬೆಲ್ಲ ತುಂಬಿಕೊಂಡು ಹಿಂದಿರುಗುತ್ತದೆ. ದೊಡ್ಡ ಬಡಾವಣೆಗಳ ಎತ್ತರದ ಕಾಂಪೌಂಡುಗಳ ಹಿಂದೆ ಹಣ ಕೊಟ್ಟರೂ ದೊರೆಯದ ಸಂಪತ್ತು ಇದು. ಸಾರು ಮಾಡುವಾಗ ನೀರು ತುಸು ಹೆಚ್ಚಿಗೆ ಹಾಕಿ ನೆರೆಯವರಿಗೂ ಕೊಡಬೇಕೆಂದು ಪ್ರವಾದಿ(ಸ)ರು ಅಬೂದರ್(ರ)ರಿಗೆ ಬೋಧಿಸಿದ್ದರು. ಈ ಬೋಧನೆಯನ್ನು ಹೆಚ್ಚು ಓದು ಇಲ್ಲದ ಇಲ್ಲಿನ ತಾಯಂದಿರು ದಿನನಿತ್ಯ ಪಾಲಿಸುತ್ತಿದ್ದಾರೆ.

ಆದರೆ ಈ ಒಳಿತನ್ನೇ ನೆಪವಾಗಿಸಿ ಅಲ್ಲಿನ ಕೊರತೆಗಳನ್ನು ಮರೆಮಾಚುವುದು ಮೋಸವಾದೀತು. ಲೆಕ್ಕವೊಂದನ್ನು ಹಾಕಿ ನೋಡೋಣ. ಒಳ್ಳೆಯ ಬಡಾವಣೆಯಲ್ಲಿ ಎಂಟು ಸಾವಿರ ರೂಪಾಯಿ ಬಾಡಿಗೆಯ ಮನೆಗೆ ಬದಲಾಗಿ ಒಂದು ಕುಟುಂಬವು ನಾಲ್ಕು ಸಾವಿರದ ಶೀಟಿನ ಮನೆಯನ್ನು ಆರಿಸಿಕೊಂಡಿತು ಎಂದಿಟ್ಟುಕೊಳ್ಳಿ. ತಿಂಗಳಿಗೆ ನಾಲ್ಕು ಸಾವಿರ ಉಳಿಯಿತು. ನಲ್ಲಿಯಲ್ಲಿ ನೀರು ಬಾರದ ದಿನ ಕೊಂಡ ನೀರಿಗೆ ಅದರಲ್ಲಿ ಒಂದಷ್ಟು ಹೋಯಿತು. ನೀರು ಹಿಡಿಯಲು ಕಾದು ನಿಂತ ಮನೆಯಾಕೆಯ ಅರ್ಧ ದಿನದ ಕೂಲಿ ಹೋಯಿತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆ ಜಿನುಗಿ, ಹಾಸಿಗೆ ಒಣಗದೆ, ಮಗುವಿನ ಕೆಮ್ಮು ನಿಲ್ಲದೆ ಔಷಧಿಯಂಗಡಿಗೆ ಇನ್ನಷ್ಟು ಹೋಯಿತು. ಉಬ್ಬಸದಿಂದ ಶಾಲೆ ತಪ್ಪಿದ ದಿನಗಳನ್ನು ಯಾವ ದರದಲ್ಲಿ ಲೆಕ್ಕ ಹಾಕುವುದು? ಬಾಡಿಗೆಯಲ್ಲಿ ಉಳಿದ ಹಣವನ್ನು ಮನೆಯ ಹೆಂಗಸು ತನ್ನ ಬೆನ್ನಿನಿಂದಲೂ ಮಗು ತನ್ನ ಶ್ವಾಸಕೋಶದಿಂದಲೂ ತೆರುತ್ತಿರುವುದನ್ನು ಮನೆಯ ಯಜಮಾನನು ಎಷ್ಟೋ ಸಲ ಗಮನಿಸುವುದೇ ಇಲ್ಲ.

ನೀರಿನ ಮಾತು ಬಂದಾಗ ಒಂದು ವಿಪರ್ಯಾಸ ನೆನಪಾಗುತ್ತದೆ. ಯಗಚಿ ನದಿಯು ಹುಟ್ಟುವುದು ಇದೇ ಬಾಬಾಬುಡನ್‌ಗಿರಿ ಶ್ರೇಣಿಯಲ್ಲಿ. ಅದು ಇಳಿದು ಬೇಲೂರಿನ ಜಲಾಶಯ ಸೇರುತ್ತದೆ. ಅಲ್ಲಿಂದ ಆ ನೀರನ್ನು ಪಂಪುಗಳ ಮೂಲಕ ಮತ್ತೆ ಚಿಕ್ಕಮಗಳೂರಿಗೆ ತರಲಾಗುತ್ತದೆ. ನಗರಕ್ಕೆ ಹಿರೇಕೊಳಲೆ ಕೆರೆಯ ಆಸರೆಯೂ ಇದೆ. ಭದ್ರೆ, ಹೇಮಾವತಿ, ಯಗಚಿಗಳೆಲ್ಲ ಹುಟ್ಟುವ ಜಿಲ್ಲೆಯಲ್ಲಿ, ಮಳೆಗಾಲದಲ್ಲಿ ಕಳಸದ ಬಳಿಯ ಹೆಬ್ಬಾಳೆ ಸೇತುವೆಯೇ ಮುಳುಗುವಷ್ಟು ನೀರು ಹರಿಯುವ ನಾಡಿನಲ್ಲಿ, ಬಡವರ ಕೇರಿಯ ಕೊಡಗಳು ಸಾಲಿನಲ್ಲಿ ಕಾಯುತ್ತವೆಯೆಂದಾದರೆ ಆ ದೋಷವನ್ನು ಪ್ರಕೃತಿಯ ಮೇಲೆ ಹೊರಿಸಲಾಗದು.

ಇನ್ನು ಕಾಗದದ ಮಾತು. ಇಂತಹ ಕೇರಿಗಳಲ್ಲಿ ಮನೆಯ ಬೆಲೆ ತಗ್ಗಿರುವುದಕ್ಕೆ ಮುಖ್ಯ ಕಾರಣ ನೆಲದ ದಾಖಲೆಯೇ. ಕೃಷಿ ಭೂಮಿಯನ್ನು ಪರಿವರ್ತಿಸದೆ ತುಂಡು ಮಾಡಿ ಮಾರಿದ ರೆವಿನ್ಯೂ ಸೈಟುಗಳು, ಬಿಳಿ ಕಾಗದದ ಮೇಲಿನ ಕರಾರು, ಎಂದೋ ತೀರಿಕೊಂಡವರ ಹೆಸರಿನಲ್ಲಿ ಉಳಿದ ಪಹಣಿ. ಅಂತಹ ಮನೆಗೆ ಬ್ಯಾಂಕು ಸಾಲ ಕೊಡದು. ಸಾಲವಿಲ್ಲದೆ ಮಾಡು ರಿಪೇರಿಯಾಗದು. ಅಧಿಕೃತ ಬಡಾವಣೆಯಲ್ಲವೆಂಬ ಕಾರಣದಿಂದ ಚರಂಡಿಯೂ ರಸ್ತೆಯೂ ತಡವಾಗಿ ಬರುತ್ತವೆ. 2006ರಲ್ಲಿ ಸಲ್ಲಿಕೆಯಾದ ಸಾಚಾರ್ ಸಮಿತಿಯ ವರದಿಯು ಮುಸ್ಲಿಮರು ಹೆಚ್ಚಾಗಿರುವ ಕೆಲವು ಪ್ರದೇಶಗಳನ್ನು ಬ್ಯಾಂಕುಗಳು ಸಾಲ ಕೊಡಬಾರದ ಪಟ್ಟಿಗೆ ಸೇರಿಸಿರುವುದನ್ನೂ, ಅಭದ್ರತೆಯ ಭಾವನೆಯಿಂದ ಜನರು ಒಂದೆಡೆ ಗುಂಪುಗೂಡುತ್ತಿರುವುದನ್ನೂ ದಾಖಲಿಸಿತ್ತು. ವಿಳಾಸವೇ ಅಪರಾಧವಾಗುವ ಸ್ಥಿತಿಗಿಂತ ದೊಡ್ಡ ಅನ್ಯಾಯ ಇನ್ನೇನಿದೆ?

ಸರಕಾರದ ಬಾಗಿಲುಗಳು ಸಂಪೂರ್ಣ ಮುಚ್ಚಿಲ್ಲ ಎಂಬುದನ್ನೂ ಒಪ್ಪಬೇಕು. 1973ರ ಕೊಳಚೆ ಪ್ರದೇಶಗಳ ಕಾಯ್ದೆಯಿಂದ ಹಿಡಿದು ಆಶ್ರಯ ಯೋಜನೆ, ವಾಲ್ಮೀಕಿ ಅಂಬೇಡ್ಕರ್ ಆವಾಸ್ ಯೋಜನೆ, 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ಯೋಜನೆಯವರೆಗೆ ಹಲವು ಹೆಸರುಗಳು ಬಂದಿವೆ. ಸರಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡವರಿಗಾಗಿ 94ಸಿ ಮತ್ತು 94ಸಿಸಿ ಅಡಿಯಲ್ಲಿ ಅರ್ಜಿಗಳನ್ನು ಕರೆಯಲಾಗಿತ್ತು. 2025ರಲ್ಲಿ ರಾಜ್ಯ ಸರಕಾರವು ನಗರ ಸ್ಥಳೀಯ ಸಂಸ್ಥೆಗಳ ವ್ಯಾಪ್ತಿಯ ಅನಧಿಕೃತ ಬಡಾವಣೆಗಳ ಆಸ್ತಿಗಳಿಗೆ ಬಿ ಖಾತೆ ನೀಡಲು ಮುಂದಾಯಿತು. ಇವು ಯಾವುವೂ ದಾನವಲ್ಲ. ಬೆಂಕಿಪೊಟ್ಟಣದಿಂದ ಮೊಬೈಲ್ ರೀಚಾರ್ಜಿನವರೆಗೆ ಎಲ್ಲದರ ಮೇಲೂ ತೆರಿಗೆ ತೆರುವ ಪ್ರಜೆಗಳಿಗೆ ಸಲ್ಲಬೇಕಾದ ಬಾಕಿ. ಆ ಬಾಕಿಯನ್ನು ಚುನಾವಣೆಯ ಹಿಂದಿನ ವಾರದಲ್ಲಿ ಒಂದು ಲೋಡು ಜಲ್ಲಿ ಸುರಿದು ತೀರಿಸಲು ಬರುವವರನ್ನು ಪಕ್ಷಭೇದವಿಲ್ಲದೆ ಪ್ರಶ್ನಿಸಬೇಕಾಗಿದೆ. ಚರಂಡಿ, ಒಳಚರಂಡಿ, ನಿತ್ಯದ ನೀರು, ಕಸದ ಗಾಡಿ ಮತ್ತು ಹಕ್ಕುಪತ್ರ, ಈ ಐದರ ಹೊರತಾಗಿ ಬೇರೆ ಭರವಸೆ ನಮಗೆ ಬೇಡವೆಂದು ಹೇಳುವ ಧೈರ್ಯ ಮತದಾರರಿಗೆ ಬರಬೇಕು.

ಇಷ್ಟನ್ನು ಹೇಳಿ ಲೇಖನಿ ಕೆಳಗಿಟ್ಟರೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ಉಳಿದರ್ಧವು ನಮ್ಮದೇ ಅಂಗಳದಲ್ಲಿದೆ. ಈ ಕೇರಿಗಳ ಅನೇಕ ಬಾಡಿಗೆ ಮನೆಗಳ ಮಾಲೀಕರು ಯಾರು? ನಮ್ಮವರೇ. ಅದೇ ಮಸ್ಜಿದಿನ ಮೊದಲ ಸಾಲಿನಲ್ಲಿ ನಿಲ್ಲುವವರೇ. ಹತ್ತು ಅಡಿಯ ಕೋಣೆಗಳನ್ನು ಸಾಲಾಗಿ ಕಟ್ಟಿ, ನಾಲ್ಕು ಸಂಸಾರಗಳಿಗೆ ಒಂದು ಶೌಚಾಲಯ ಇಟ್ಟು, ಸೋರುವ ಮಾಡಿಗೆ ಬಾಡಿಗೆದಾರನೇ ಟಾರ್ಪಾಲು ಹೊದಿಸಿಕೊಳ್ಳಲಿ ಎನ್ನುವ ಮಾಲೀಕನಿಗೂ ಹಿಂದಿನ ಲೈನ್ ಮನೆಯ ಒಡೆಯನಿಗೂ ಏನು ವ್ಯತ್ಯಾಸ? ಕನಿಷ್ಠ ಆ ಒಡೆಯನ ತಲೆಯ ಮೇಲೆ ಒಂದು ಕಾನೂನಾದರೂ ಇತ್ತು. 2025ರಲ್ಲಿ ಅರೇಬಿಕಾ ಪಾರ್ಚ್‌ಮೆಂಟ್ ಕಾಫಿಯ ಬೆಲೆ 50 ಕಿಲೋ ಚೀಲಕ್ಕೆ 20,000 ರೂಪಾಯಿಗಳನ್ನೂ ದಾಟಿದಾಗ ಗುಡ್ಡದ ಮೇಲೆ ಹರ್ಷವಿತ್ತು. ಆ ಹರ್ಷದಲ್ಲಿ ಪಾಲು ಪಡೆದ ನಮ್ಮ ವ್ಯಾಪಾರಿಗಳೂ ತೋಟದವರೂ ಪೇಟೆಯಲ್ಲಿ ತಾವು ಬಾಡಿಗೆಗೆ ಕೊಟ್ಟ ಮನೆಯ ಮಾಡನ್ನು ಒಮ್ಮೆ ತಲೆಯೆತ್ತಿ ನೋಡಿದರೇ ಎಂದು ಕೇಳಿಕೊಳ್ಳಬೇಕಾದವರು ಅವರೇ.

ಲೀಸ್ ಅಥವಾ ಭೋಗ್ಯದ ವ್ಯವಹಾರವನ್ನೂ ಇಲ್ಲಿ ಪ್ರಸ್ತಾಪಿಸದೆ ವಿಧಿಯಿಲ್ಲ. ಮನೆ ಮಾಲೀಕನು ಎರಡೋ ಮೂರೋ ಲಕ್ಷ ರೂಪಾಯಿಯನ್ನು ಒಟ್ಟಾಗಿ ಪಡೆಯುತ್ತಾನೆ. ಬಾಡಿಗೆದಾರನು ಮೂರು ವರ್ಷ ಬಾಡಿಗೆಯಿಲ್ಲದೆ ವಾಸಿಸಿ ಪೂರ್ತಿ ಹಣವನ್ನು ಹಿಂಪಡೆಯುತ್ತಾನೆ. ಕೇಳಲು ಇಬ್ಬರಿಗೂ ಲಾಭವೆನಿಸುತ್ತದೆ. ಆದರೆ ಫಿಕ್ಹ್‌ನ ದೃಷ್ಟಿಯಲ್ಲಿ ಆ ಹಣ ಸಾಲ, ಆ ಮನೆ ಅಡವು. ಕೊಟ್ಟ ಸಾಲಕ್ಕೆ ಪ್ರತಿಯಾಗಿ ಅಡವಿನ ಮನೆಯಲ್ಲಿ ಬಾಡಿಗೆಯಿಲ್ಲದೆ ವಾಸಿಸುವುದು ಬಡ್ಡಿಯ ವ್ಯಾಪ್ತಿಗೆ ಬರುತ್ತದೆಂದು ಬಹಳಷ್ಟು ಉಲಮಾಗಳು ಎಚ್ಚರಿಸಿದ್ದಾರೆ. ಧಾರ್ಮಿಕ ತೊಡಕು ಒತ್ತಟ್ಟಿಗಿರಲಿ, ವ್ಯವಹಾರದ ಅಪಾಯವನ್ನಾದರೂ ನೋಡಿ. ಆ ಲಕ್ಷಗಳನ್ನು ಹೊಂದಿಸಲು ಬಡ ಕುಟುಂಬವು ಒಡವೆ ಅಡವಿಡುತ್ತದೆ, ಕಿರುಸಾಲದ ಸಂಘಗಳಿಂದ ಸಾಲ ತೆಗೆಯುತ್ತದೆ. ಅವಧಿ ಮುಗಿದಾಗ ಮಾಲೀಕನ ಕೈಯಲ್ಲಿ ಹಣವಿರುವುದಿಲ್ಲ. ಹೊಸ ಗಿರಾಕಿ ಸಿಗುವವರೆಗೆ ತಾಳು ಎನ್ನುತ್ತಾನೆ. ಇತ್ತ ವಾರದ ಕಂತು ತಾಳುವುದಿಲ್ಲ. ಕಿರುಸಾಲ ವಸೂಲಿಯ ಕಿರುಕುಳವನ್ನು ತಡೆಯಲು 2025ರಲ್ಲಿ ಕರ್ನಾಟಕವು ಪ್ರತ್ಯೇಕ ಕಾನೂನನ್ನೇ ತರಬೇಕಾಯಿತು. ಆ ಸಾಲದ ಹಿಂದಿನ ಕಾರಣಗಳಲ್ಲಿ ಮನೆಯ ಅಡ್ವಾನ್ಸ್ ಮತ್ತು ಮಗಳ ಮದುವೆಯೂ ಸೇರಿವೆಯೆಂಬುದನ್ನು ನಮ್ಮ ಖುತ್ಬಾಗಳು ಎಷ್ಟು ಬಾರಿ ನೆನಪಿಸಿವೆ?

ಇನ್ನೊಂದು ಕಹಿ ಸಂಗತಿಯಿದೆ. ಗಂಡನನ್ನು ಕಳೆದುಕೊಂಡವಳು, ತಲಾಕ್ ಆದವಳು, ಊರಿಂದ ಬಂದು ದುಡಿಯುವ ಹುಡುಗಿ ಬಾಡಿಗೆ ಮನೆ ಕೇಳಿದರೆ ನಮ್ಮ ಮೊಹಲ್ಲಾದಲ್ಲಿಯೇ ಬಾಗಿಲುಗಳು ಮುಚ್ಚಿಕೊಳ್ಳುತ್ತವೆ. ಗಂಡಸು ಯಾರಿದ್ದಾರೆ ಎಂಬುದು ಮೊದಲ ವಿಚಾರಣೆ. ಕಾಫಿ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಕಾಳು ಆರಿಸಿ ಮಕ್ಕಳನ್ನು ಸಾಕಿದ ಎಷ್ಟೋ ಹೆಂಗಸರು ಈ ಊರಿನಲ್ಲಿದ್ದಾರೆ. ಯಂತ್ರಗಳು ಬಂದು ಆ ಕೆಲಸವೂ ಕಡಿಮೆಯಾಯಿತು. ನೆರೆಯ ಹಾಸನದ ಬಾನು ಮುಷ್ತಾಕ್‌ರ ಕಥೆಗಳಿಗೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ಮುಸ್ಲಿಮ್ ಮಹಿಳೆಯರ ಬದುಕನ್ನು ಹೇಳುವ ಆ ಕಥೆಗಳು ಲಂಡನ್ನಿನವರೆಗೆ ಮುಟ್ಟಿದವು. ಅಂತಹ ಮಹಿಳೆಯ ಅಹವಾಲು ನಮ್ಮ ಜಮಾಅತ್ ಸಮಿತಿಯ ಕೋಣೆಯನ್ನು ಇನ್ನೂ ಮುಟ್ಟಿಲ್ಲವೆಂದರೆ ಆ ಹೆಮ್ಮೆಗೆ ಏನರ್ಥ?

ನೆಲೆ ಕಂಡುಕೊಂಡ ಮೇಲೆ ಮೊಹಲ್ಲಾ ಬಿಟ್ಟು ಹೋದವರಿಗೂ ಒಂದು ಮಾತು. ಒಳ್ಳೆಯ ಬಡಾವಣೆಗೆ ಹೋಗುವುದು ತಪ್ಪಲ್ಲ. ಮಕ್ಕಳಿಗೆ ಗಾಳಿ, ಬೆಳಕು ಬಯಸುವುದು ತಂದೆಯ ಕರ್ತವ್ಯ. ಆದರೆ ಶಿಕ್ಷಕ, ವಕೀಲ, ಇಂಜಿನಿಯರ್ ಹೀಗೆ ಒಬ್ಬೊಬ್ಬರಾಗಿ ಹೊರಟುಹೋದಾಗ ಅರ್ಜಿ ಬರೆದುಕೊಡುವ ಕೈಯೂ ಕಚೇರಿಯಲ್ಲಿ ನಿಂತು ಮಾತನಾಡುವ ನಾಲಗೆಯೂ ಕೇರಿಯಿಂದ ಹೊರಟುಹೋಗುತ್ತವೆ. ವರ್ಷಕ್ಕೆರಡು ಬಾರಿ ಈದ್ ನಮಾಝಿಗೆ ಬಂದು ಅಪ್ಪಿಕೊಂಡು ಹೋದರೆ ಆ ಋಣ ತೀರದು.

ಭೀತಿಯ ವಿಚಾರವನ್ನೂ ನೇರವಾಗಿ ಮಾತನಾಡೋಣ. ಹಣವಿದ್ದರೂ ಮುಸ್ಲಿಮನಿಗೆ ಬೇರೆ ಬಡಾವಣೆಯಲ್ಲಿ ಮನೆ ಸಿಗದ ಅನುಭವ ಅನೇಕರದು. ಹೆಸರು ಕೇಳಿದ ಕೂಡಲೇ ಮನೆ ನಿನ್ನೆಯೇ ಹೋಯಿತು ಎಂಬ ಉತ್ತರ ಬರುತ್ತದೆ. ಗಿರಿಯ ವಿವಾದದ ಹೆಸರಿನಲ್ಲಿ ವರ್ಷದ ಕೆಲವು ದಿನಗಳು ಪೊಲೀಸ್ ಬಂದೋಬಸ್ತಿನಲ್ಲಿ ಕಳೆಯುವ ಈ ಊರಿನಲ್ಲಿ ನಮ್ಮವರ ನಡುವೆಯೇ ಇರೋಣವೆಂದು ಜನರು ಬಯಸುವುದು ಸಹಜ. ಆದರೆ ಭೀತಿಯಿಂದ ಕಟ್ಟಿದ ಗೋಡೆಯು ಹೊರಗಿನವರನ್ನು ತಡೆಯುವಷ್ಟೇ ಒಳಗಿನ ಮಕ್ಕಳನ್ನೂ ತಡೆಯುತ್ತದೆ. ಕ್ರಿ.ಶ. 622ರಲ್ಲಿ ಮದೀನಾಕ್ಕೆ ಹೋದ ಪ್ರವಾದಿ(ಸ)ರು ಮುಹಾಜಿರ್ ಮತ್ತು ಅನ್ಸಾರ್‌ಗಳ ನಡುವೆ ಸಹೋದರತೆಯನ್ನು ಬೆಸೆದರು, ಅಲ್ಲಿನ ಯಹೂದಿಗಳೊಂದಿಗೆ ಒಡಂಬಡಿಕೆಯನ್ನೂ ಮಾಡಿಕೊಂಡರು. ಕುರ್‌ಆನಿನ ಅನ್ನಿಸಾ ಅಧ್ಯಾಯವು ನಂಟ ನೆರೆಯವನೊಂದಿಗೆ ಅಪರಿಚಿತ ನೆರೆಯವನನ್ನೂ ಹೆಸರಿಸಿ ಒಳಿತು ಮಾಡಲು ಆಜ್ಞಾಪಿಸುತ್ತದೆ. ಸಹಾಬಿ ಅಬ್ದುಲ್ಲಾ ಬಿನ್ ಅಮ್ರ್(ರ) ಮನೆಯಲ್ಲಿ ಆಡು ಕೊಯ್ದಾಗ, ಯಹೂದಿ ನೆರೆಯವರಿಗೆ ಕಳುಹಿಸಿದಿರಾ ಎಂದು ಮತ್ತೆ ಮತ್ತೆ ವಿಚಾರಿಸಿದರೆಂದು ಹದೀಸ್ ಗ್ರಂಥಗಳಲ್ಲಿದೆ. ಆದ್ದರಿಂದ ನಮ್ಮ ಕೇರಿಯ ಚರಂಡಿಗಾಗಿ ಹೋರಾಡುವಾಗ ಪಕ್ಕದ ದಲಿತ ಕೇರಿಯ ಚರಂಡಿಯೂ ಅದೇ ಅರ್ಜಿಯಲ್ಲಿರಲಿ. ಕೊಳಕು ನೀರು ಎರಡೂ ಕೇರಿಗಳಲ್ಲಿ ಹರಿಯುತ್ತದೆ.

ಏನು ಮಾಡಬಹುದು? ದೊಡ್ಡ ಮೊತ್ತದ ಕೆಲಸಗಳಲ್ಲ, ದೊಡ್ಡ ಮನಸ್ಸಿನ ಕೆಲಸಗಳಿವೆ. ಪ್ರತಿಯೊಂದು ಜಮಾಅತ್ ತನ್ನ ವ್ಯಾಪ್ತಿಯ ಮನೆಗಳ ಒಂದು ಪುಸ್ತಕವನ್ನಿಡಲಿ. ಯಾರ ಮನೆಗೆ ಖಾತೆಯಿಲ್ಲ, ಯಾರ ಮಾಡು ಸೋರುತ್ತದೆ, ಯಾವ ಒಂಟಿ ಮಹಿಳೆಗೆ ಸೂರಿಲ್ಲ ಎಂಬುದು ಅದರಲ್ಲಿರಲಿ. ತಿಂಗಳ ಒಂದು ಜುಮುಅದ ನಂತರ ಮಸ್ಜಿದಿನ ಅಂಗಳದಲ್ಲಿ ದಾಖಲೆಪತ್ರಗಳ ನೆರವಿಗೆ ಓದಿದ ಯುವಕ ಯುವತಿಯರು ಕೂರಲಿ, ಎಲ್ಲ ಧರ್ಮದವರಿಗೂ ಅಲ್ಲಿ ಎಡೆಯಿರಲಿ. ಬೈತುಲ್‌ಮಾಲ್‌ನ ಒಂದು ಪಾಲು ಮನೆಯ ಅಡ್ವಾನ್ಸಿಗಾಗಿ ಬಡ್ಡಿರಹಿತ ಸಾಲವಾಗಲಿ. ಬಾಡಿಗೆಯ ಕರಾರು ಲಿಖಿತವಾಗಿರಲಿ. ಸಾಲದ ವ್ಯವಹಾರವನ್ನು ಬರೆದಿಡಬೇಕೆಂಬುದು ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತದ ಆದೇಶವೆಂಬುದನ್ನು ಮರೆಯದಿರೋಣ. ಮಸ್ಜಿದಿನ ಮಿನಾರಕ್ಕೆ ಹೊಸ ಟೈಲ್ಸ್ ಹಾಕುವ ಮುನ್ನ ಮಸ್ಜಿದಿನ ಮುಂದಿನ ಚರಂಡಿಗೆ ಕಲ್ಲು ಹಾಸಲಿ. ದಾರಿಯಲ್ಲಿರುವ ಕೆಡುಕನ್ನು ಸರಿಸುವುದೂ ಈಮಾನಿನ ಒಂದು ಶಾಖೆಯೆಂದು ಕಲಿಸಿದ ಧರ್ಮದ ಅನುಯಾಯಿಗಳ ಬೀದಿಯು ಊರಿನಲ್ಲಿ ಎಲ್ಲಕ್ಕಿಂತ ಶುಚಿಯಾಗಿರಬೇಕಿತ್ತು.

ಮನೆಗೆ ಮುನ್ನ ನೆರೆಯನ್ನು ನೋಡು ಎಂಬುದು ಅರಬರ ಹಳೆಯ ನಾಣ್ಣುಡಿ. ನಾವು ಬಾಡಿಗೆಯನ್ನು ಮಾತ್ರ ನೋಡಲು ಕಲಿತಿದ್ದೇವೆ. ಬಾಡಿಗೆ ಕಡಿಮೆಯಿರುವುದು ಅವಮಾನವಲ್ಲ. ಬಡವನು ಗೌರವದಿಂದ ಬಾಳಬಲ್ಲ ಕೇರಿ ಪ್ರತಿಯೊಂದು ಊರಿಗೂ ಬೇಕು. ಆದರೆ ಆ ಕಡಿಮೆ ಬಾಡಿಗೆಯು ಮಗುವಿನ ಉಸಿರಿನಿಂದ, ತಾಯಿಯ ಬೆನ್ನಿನಿಂದ, ವಿಧವೆಯ ಮಾನದಿಂದ ವಸೂಲಾಗಬಾರದು. ಮುಂದಿನ ಮೇ ತಿಂಗಳಿನಲ್ಲಿ ಲಗೇಜ್ ಆಟೋವೊಂದು ನಮ್ಮ ಗಲ್ಲಿಗೆ ತಿರುಗಿದಾಗ, ಬಾಡಿಗೆ ಎಷ್ಟೆಂದು ಕೇಳುವ ಮುನ್ನ ಒಂದು ಕೊಡ ನೀರು ಹಿಡಿದು ಬಾಗಿಲಿಗೆ ಹೋಗೋಣ. ಮಾಡು ಸೋರುತ್ತಿದೆಯೇ ಎಂದು ವಿಚಾರಿಸೋಣ. ಸೋರುತ್ತಿದ್ದರೆ ಅದು ಇನ್ನು ಮುಂದೆ ಅವರೊಬ್ಬರ ಸಂಕಟವಲ್ಲ.